ಮೊದಲು ಚೀಲ, ಆಮೇಲೆ ಮಗು

ಪಾರ್ಸಲ್ ಆಫೀಸಿನಲ್ಲಿ ನನಗೆ ತಕ್ಕಡಿ ಅಂತ ಅಡ್ಡಹೆಸರಿತ್ತು. ಯಾವ ಪೆಟ್ಟಿಗೆಯನ್ನಾದರೂ ಎರಡು ಕೈಯಲ್ಲಿ ಎತ್ತಿ, ಒಮ್ಮೆ ಎದೆಯ ಹತ್ತಿರ ತಂದು, ಇಷ್ಟು ತೂಕ ಅಂದರೆ ಮುಗಿಯಿತು. ಯಂತ್ರದ ಮೇಲೆ ಇಟ್ಟರೂ ಅಷ್ಟೇ ಇರುತ್ತಿತ್ತು. ಹೊಸದಾಗಿ ಸೇರಿದವರು ನಂಬದೆ ಪಂದ್ಯ ಕಟ್ಟಿ, ಸೋತು, ನನಗೆ ಚಹಾ ಕುಡಿಸುತ್ತಿದ್ದರು. ಬೆಲ್ಟಿನ ಮೇಲೆ ಹರಿದು ಬರುವ ಪೆಟ್ಟಿಗೆಗಳನ್ನು ಎತ್ತಿ ಆಯಾ ಊರಿನ ಬುಟ್ಟಿಗೆ ಹಾಕುವುದು ನನ್ನ ಕೆಲಸ. ಇದು ಹೆಂಗಸರ ಕೆಲಸವಲ್ಲ ಅಂದ ಸೂಪರ್‌ವೈಸರಿಗೆ ನಾನು ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಂಥ ನನಗೆ ನಾನೇ ಹೆತ್ತ ಮಗಳ ತೂಕ ಎಷ್ಟೆಂದು ಬೇರೆಯವರು ಹೇಳಬೇಕಾಗಿತ್ತು.

ನೋವು ಶುರುವಾದದ್ದು ಬಸುರಿಯಾಗಿ ಆರನೇ ತಿಂಗಳಿಗೆ. ಎಲ್ಲರಿಗೂ ಬರುವ ಸೊಂಟನೋವಲ್ಲ. ಹೊಟ್ಟೆಯ ಕೆಳಗೆ, ಮುಂದುಗಡೆ, ಎರಡೂ ಕಡೆಯ ಎಲುಬು ಕೂಡುವ ಜಾಗದಲ್ಲಿ. ಮೆಟ್ಟಿಲಿಗೆ ಒಂದು ಕಾಲು ಎತ್ತಿಟ್ಟರೆ ಸಾಕು, ಅಲ್ಲಿ ಏನೋ ಕಿತ್ತು ಬಂದಂತಾಗಿ ಕಣ್ಣು ಕತ್ತಲೆಗಟ್ಟುತ್ತಿತ್ತು. ಹೆರಿಗೆ ಡಾಕ್ಟರು ತಲೆಯನ್ನೂ ಎತ್ತದೆ, "ಇದೆಲ್ಲ ಇದ್ದಿದ್ದೇ ಅಮ್ಮ, ಹೆತ್ತ ಮೇಲೆ ಹೋಗತ್ತೆ" ಅಂದರು. ಹೆರುವುದು ಅವರಲ್ಲವಲ್ಲ, ಅವರಿಗೇನು. ಕೊನೆಗೆ ಲೇಬಲ್ ಅಂಟಿಸುವ ವಿಭಾಗದ ಹೆಂಗಸೊಬ್ಬಳು ತಾನು ಹೋಗುತ್ತಿದ್ದ ಕೈರೋಪ್ರಾಕ್ಟರ್ ಹತ್ತಿರ ಹೋಗು ಅಂದಳು. ಮಾತ್ರೆ ಇಲ್ಲ, ಸೂಜಿ ಇಲ್ಲ, ಬೆನ್ನುಮೂಳೆ, ಸೊಂಟದ ಕೀಲು ಇವನ್ನು ಕೈಯಲ್ಲೇ ಹದಕ್ಕೆ ತರುತ್ತಾರೆ, ಬಸುರಿ ಬಾಣಂತಿಯರನ್ನೇ ಹೆಚ್ಚಾಗಿ ನೋಡುವುದು ಅಂದಳು.

ಇವರಿಗೆ ಹೇಳಿದೆ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಎಲ್ಲವನ್ನೂ ಕಣ್ಣು ಸಣ್ಣ ಮಾಡಿಕೊಂಡೇ ನೋಡುವ ಜನ.

"ಲಟಿಕೆ ತೆಗೆಯೋಕೂ ಡಾಕ್ಟರ್ ಬೇಕಾ? ಕೊಡು ಕೈ, ಪುಕ್ಕಟೆ ತೆಗೀತೀನಿ" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಆಕೆಗೆ ಲಟಿಕೆ ಡಾಕ್ಟರಮ್ಮ ಅಂತಲೇ ಹೆಸರು.

ಆಕೆಯ ಕ್ಲಿನಿಕ್ಕು ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಸೊಂಟ ಹಿಡಿದವರಿಗೆ ಮಹಡಿಯ ಮೇಲೆ ಕ್ಲಿನಿಕ್ಕು ಇಟ್ಟ ಮಹಾನುಭಾವರು ಯಾರೋ ಅಂತ ಬೈದುಕೊಳ್ಳುತ್ತಲೇ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತಾ ಹತ್ತಿದೆ. ಒಳಗೆ ಒಂದು ಉದ್ದನೆಯ ಮೇಜು. ಆಕೆ ಅದರ ಪಕ್ಕದ ಹಿಡಿಕೆ ತಿರುಗಿಸಿದರೆ ಮೇಜಿನ ನಡುವಿನ ದಿಂಬು ಕೆಳಗಿಳಿದು ಒಂದು ಗುಂಡನೆಯ ಹಳ್ಳವಾಯಿತು.

"ಬೋರಲು ಮಲಗಿ. ಹೊಟ್ಟೆ ಆ ಹಳ್ಳದಲ್ಲಿ ಇಳಿಯತ್ತೆ. ಹೆದರಬೇಡಿ."

ಎಷ್ಟೋ ತಿಂಗಳ ಮೇಲೆ ಬೋರಲು ಮಲಗಿದೆ. ಹೊಟ್ಟೆ ಹಳ್ಳದೊಳಗೆ ಇಳಿದು ತನ್ನ ಪಾಡಿಗೆ ತಾನು ಕೂತಿತು, ಬೆನ್ನಿನಿಂದ ಯಾರೋ ಮೂಟೆ ಇಳಿಸಿಕೊಂಡ ಹಾಗಾಯಿತು. ನನಗೆ ಅಳು ಬಂತು. ಆಕೆ ಅದನ್ನು ನೋಡಿಯೂ ನೋಡದವಳಂತೆ ತನ್ನ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು.

"ಲಟಿಕೆ ಸದ್ದೇ ಬರ್ಲಿಲ್ಲವಲ್ಲ ಡಾಕ್ಟ್ರೇ?" ಅಂದೆ ಸ್ವಲ್ಪ ಹೊತ್ತಾದ ಮೇಲೆ.

"ನಿಮಗೆ ಸದ್ದು ಬೇಡ. ಬಸುರಿಯರ ಕೀಲು ಮೊದ್ಲೇ ಸಡಿಲ ಆಗಿರತ್ತೆ, ಮಗು ಹೊರಗೆ ಬರೋಕೆ ದಾರಿ ಆಗ್ಬೇಕಲ್ಲ. ಅದನ್ನ ನಾನು ಇನ್ನಷ್ಟು ಎಳೆದಾಡಿದ್ರೆ ಹೇಗೆ? ಬಿಗಿಯಾದ ಕಡೆ ಸಡಿಲ ಮಾಡ್ತೀನಿ, ಅಷ್ಟೇ. ನೋವು ಪೂರ್ತಿ ಹೋಗತ್ತೆ ಅಂತ ನಾನು ಹೇಳಲ್ಲ."

ಪೂರ್ತಿ ಹೋಗಲಿಲ್ಲ ನಿಜ. ಆದರೆ ಅಲ್ಲಿಗೆ ಹೋಗಿ ಬಂದ ರಾತ್ರಿ ನಿದ್ದೆ ಬರುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲಾಗುವಾಗ ಎರಡೂ ಮಂಡಿ ಜೋಡಿಸಿಕೊಂಡೇ ಹೊರಳಬೇಕು, ಪ್ಯಾಂಟನ್ನು ಕೂತೇ ಹಾಕಿಕೊಳ್ಳಬೇಕು, ಒಂಟಿ ಕಾಲಲ್ಲಿ ನಿಲ್ಲಬಾರದು, ಭಾರ ಎತ್ತುವುದಂತೂ ಕೂಡದು. ಹೀಗೆ ಆಕೆ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಆಫೀಸಿನಲ್ಲಿ ನನ್ನನ್ನು ಲೇಬಲ್ ಮೇಜಿಗೆ ಕೂರಿಸಿದರು. ನನ್ನ ಹೊಟ್ಟೆಗೂ ಒಂದು ಲೇಬಲ್ ಅಂಟಿಸಿ, ಎಲ್ಲರೂ ನಕ್ಕು, ಒಳಗಿದ್ದದ್ದಕ್ಕೆ ಪಾರ್ಸಲ್ ಅಂತ ಹೆಸರಿಟ್ಟರು. ಮಗಳು ಹುಟ್ಟಿದ ಮೇಲೆ ಅದು ಪಾಚು ಆಯಿತು.

ಹೆರಿಗೆ ಸುಲಭವಾಗಲಿಲ್ಲ. ಪಾಚು ಹೊರಗೆ ಬಂದಳು, ಆದರೆ ಬರುವಾಗ ಆ ಮುಂದಿನ ಕೀಲು ಬಿಟ್ಟುಕೊಂಡಿತು. ಅಪರೂಪಕ್ಕೆ ಹಾಗಾಗುತ್ತದಂತೆ. ಆ ಅಪರೂಪ ನನ್ನನ್ನೇ ಹುಡುಕಿಕೊಂಡು ಬಂತು. ಮಾರನೇ ದಿನ ಎದ್ದು ನಿಲ್ಲಲು ಹೋದವಳು ನಿಲ್ಲಲಾಗದೆ ಕುಸಿದೆ. ಎಕ್ಸ್‌ರೇ ನೋಡಿದ ಆಸ್ಪತ್ರೆಯವರು ಆಪರೇಷನ್ ಬೇಡ, ಬೆಲ್ಟು ಬಿಗಿದುಕೊಂಡಿರಿ, ನಿಧಾನಕ್ಕೆ ಕೂಡಿಕೊಳ್ಳುತ್ತದೆ ಅಂದರು. ಸೊಂಟಕ್ಕೆ ಬೆಲ್ಟು, ಕೈಗೆ ನಾಲ್ಕು ಕಾಲಿನ ವಾಕರ್. ಮಗುವನ್ನು ಹೊತ್ತು ಮನೆಯ ಹೊಸ್ತಿಲು ದಾಟಿದವಳು ನಮ್ಮಕ್ಕ.

ಅಕ್ಕನಿಗೆ ಮಕ್ಕಳಿಲ್ಲ, ಗಂಡನನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೊಲಿಗೆ ಅಂಗಡಿಗೆ ಬೀಗ ಹಾಕಿ, ಒಂದು ತಿಂಗಳಿದ್ದು ಹೋಗುತ್ತೇನೆ ಅಂತ ಒಂದೇ ಸೂಟ್‌ಕೇಸು ತಂದಿದ್ದಳು. ಬಂದವಳು ಉಳಿದೇಬಿಟ್ಟಳು. ಮಗುವಿನ ಸ್ನಾನ, ಬಟ್ಟೆ, ನನ್ನ ಊಟ, ನನ್ನ ಸ್ನಾನ, ಯಾವುದಕ್ಕೂ ಒಂದು ದಿನ ಮುಖ ಗಂಟಿಕ್ಕಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದೇ ಒಂದು ಕಾರಣ ಕೊಟ್ಟಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ಲಟಿಕೆ ಡಾಕ್ಟರಮ್ಮ ಎಕ್ಸ್‌ರೇ ತರಿಸಿಕೊಂಡು ನೋಡಿ, ಆಸ್ಪತ್ರೆಯವರ ಜೊತೆ ಮಾತಾಡಿ, ಮನೆಗೇ ಬಂದಳು. ಕೀಲನ್ನು ಮುಟ್ಟಲಿಲ್ಲ. ಬೆಲ್ಟು ಕಟ್ಟಿದ್ದು ಎತ್ತರವಾಯಿತು ಅಂತ ಬಿಚ್ಚಿ ಕೆಳಗೆ ಕಟ್ಟಿದಳು, ಬೆನ್ನು, ತೊಡೆ ಸಡಿಲ ಮಾಡಿದಳು, ಮಲಗಿದಲ್ಲೇ ಮಾಡುವ ವ್ಯಾಯಾಮ ತೋರಿಸಿದಳು. ಹಾಲು ಕುಡಿಸಲು ಅಕ್ಕ ಮಗುವನ್ನು ನನ್ನ ಪಕ್ಕ ತಂದು ಮಲಗಿಸಬೇಕು, ಮುಗಿದ ಮೇಲೆ ತೆಗೆದುಕೊಂಡು ಹೋಗಬೇಕು.

"ನಾನೇ ಎತ್ಕೊಳ್ಳೋದು ಯಾವಾಗ?" ಅಂದೆ.

"ನನ್ನ ಹತ್ರ ಒಂದೇ ನಿಯಮ. ಮೊದ್ಲು ಚೀಲ, ಆಮೇಲೆ ಮಗು. ಮಗು ಎಷ್ಟು ತೂಕ ಇದ್ಯೋ ಅಷ್ಟು ಮರಳನ್ನ ಒಂದು ಚೀಲಕ್ಕೆ ತುಂಬಿ. ಅದನ್ನ ನೋವಿಲ್ದೆ ನೆಲದಿಂದ ಎತ್ತಿ, ನನ್ನ ಮುಂದೆ, ನಡುಗದೆ. ಅವತ್ತು ಮಗುನ ಎತ್ಕೊಳ್ಳಿ. ಅದಕ್ಕೂ ಮುಂಚೆ ಎತ್ತಿ, ಕೀಲು ಜಾರಿ ಬಿದ್ರೆ, ನಿಮ್ಮ ಜೊತೆ ಮಗುನೂ ಬೀಳತ್ತೆ."

"ಮಗು ಚೀಲದಷ್ಟೇ ಭಾರ ಇರತ್ತಲ್ಲ, ಚೀಲ ಯಾಕೆ?"

ಆಕೆ ನಕ್ಕಳು. "ಚೀಲ ಹೆಣಭಾರ. ಮಗು ಹಾಗಲ್ಲ ಕಣ್ರೀ. ಎತ್ತಿದ ಕೂಡ್ಲೇ ಕುತ್ತಿಗೆಗೆ ಕೈ ಹಾಕತ್ತೆ, ಸೊಂಟಕ್ಕೆ ಕಾಲು ಸುತ್ತತ್ತೆ. ಅರ್ಧ ಭಾರ ಅದೇ ಹೊತ್ಕೊಳ್ಳತ್ತೆ. ಚೀಲ ಎತ್ತಿದವರಿಗೆ ಮಗು ಹೂವು."

ಆ ಮಾತನ್ನು ನಾನು ಸೆರಗಿನ ಗಂಟಿನಂತೆ ಕಟ್ಟಿಟ್ಟುಕೊಂಡೆ. ಅಕ್ಕ ದಪ್ಪ ಬಟ್ಟೆಯಲ್ಲಿ ಚೀಲ ಹೊಲಿದಳು, ಮಗುವಿನಷ್ಟೇ ಉದ್ದ, ಹಿಡಿದುಕೊಳ್ಳಲು ಅನುಕೂಲವಾಗಲೆಂದು ಪಕ್ಕದಲ್ಲಿ ಎರಡು ಮಡಿಕೆ. ಅದಕ್ಕೊಂದು ಹಳೆಯ ಅಂಗಿಯನ್ನೂ ತೊಡಿಸಿದಳು, ತಮಾಷೆಗೆ.

ಚೀಲವನ್ನು ಮುಟ್ಟುವಷ್ಟು ಹೊತ್ತಿಗೆ ಪಾಚು ಕತ್ತು ನಿಲ್ಲಿಸಿದ್ದಳು. ಒಂದು ಕಾಲು ಮುಂದೆ, ಮಂಡಿ ಬಗ್ಗಿಸು, ಚೀಲವನ್ನು ಎದೆಗೆ ಒತ್ತಿಕೋ, ಉಸಿರು ಬಿಡುತ್ತಾ ಏಳು. ಜೀವಮಾನವಿಡೀ ಎತ್ತಿದವಳಿಗೆ ಎತ್ತುವುದನ್ನು ಕಲಿಸುತ್ತಿದ್ದಾರೆ ಅಂತ ನಗು ಬಂತು. ಎದ್ದೆ, ಅರ್ಧಕ್ಕೇ ಕೀಲಿನಲ್ಲಿ ಬೆಂಕಿ ಹತ್ತಿತು, ಚೀಲ ಕೈಬಿಟ್ಟೆ. ನೆಲಕ್ಕೆ ಬಿದ್ದ ಸದ್ದಿಗೆ ಅಕ್ಕನ ತೋಳಿನಲ್ಲಿದ್ದ ಪಾಚು ಬೆಚ್ಚಿಬಿದ್ದು ಅತ್ತಳು. ಬಿದ್ದದ್ದು ಚೀಲ, ಮಗುವಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಕೂತೆ.

ಮೊದಲು ಅರ್ಧ ಮರಳು, ಆಮೇಲೆ ಸ್ವಲ್ಪ ಹೆಚ್ಚು. ನಾನು ಒಂದು ಸೇರು ಗೆದ್ದರೆ ಪಾಚು ಅಷ್ಟರಲ್ಲಿ ಎರಡು ಸೇರು ಬೆಳೆದಿರುತ್ತಿದ್ದಳು. ಲಸಿಕೆ ಹಾಕಿಸಲು ಹೋದ ಅಕ್ಕ ಮನೆಗೆ ಬಂದು, "ನೋಡು, ನಿನ್ನ ಮಗಳು ಹೇಗೆ ತೂಕ ಬಂದಿದ್ದಾಳೆ!" ಅಂತ ಹಿಗ್ಗಿನಿಂದ ಹೇಳುವಾಗ ನನ್ನ ಕಣ್ಣು ಚೀಲದ ಕಡೆ ಹೋಗಿ ತುಂಬಿಬರುತ್ತಿತ್ತು. ಮಗು ಮೈ ಕೈ ತುಂಬಿಕೊಂಡರೆ ಅಳುವ ತಾಯಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಅಕ್ಕ ಚೀಲದ ಬಾಯಿ ಬಿಚ್ಚಿ ಮರಳು ಸುರಿಯುತ್ತಿದ್ದಳು, ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಒಂದು ಸಲ ಬಚ್ಚಲಲ್ಲಿ ಕಾಲು ಜಾರಿತು. ಬೀಳಲಿಲ್ಲ, ಆದರೆ ಕೀಲು ಮತ್ತೆ ಕಿತ್ತುಕೊಂಡಂತಾಗಿ ಗೆದ್ದದ್ದೆಲ್ಲ ಹೋಯಿತು. ಚೀಲದಿಂದ ಮರಳನ್ನು ಬೊಗಸೆ ಬೊಗಸೆಯಾಗಿ ವಾಪಸು ತೆಗೆದೆವು.

ಅಂಬೆಗಾಲಿಡಲು ಬಂದ ಮೇಲೆ ಪಾಚು ನನ್ನ ಕಡೆಗೂ ಬರತೊಡಗಿದಳು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಯಾರೂ ನೋಡದಿದ್ದಾಗ ಕುರ್ಚಿಯ ಕಾಲು ಹಿಡಿದು, ನನ್ನ ಅಂಗಿ ಹಿಡಿದು, ಏದುಸಿರು ಬಿಡುತ್ತಾ ತೊಡೆಯ ಮೇಲೆ ಹತ್ತಿದಳು. ತಾನಾಗಿ ಬಂದಳಲ್ಲ ಅಂತ ನನಗೆ ಆದ ಸಂತೋಷ ಹೇಳತೀರದು. ಅಷ್ಟರಲ್ಲಿ ಅವಳು ತನ್ನ ಪುಟ್ಟ ಮಂಡಿಯನ್ನು ಸರಿಯಾಗಿ ಆ ಎಲುಬಿನ ಮೇಲೆ ಊರಿ ಎದ್ದು ನಿಂತಳು. ನಾನು ಕಿರುಚಿದೆ. ಅದು ನನ್ನ ಗಂಟಲಿನಿಂದ ಬಂತೆಂದು ನನಗೇ ನಂಬಲಾಗಲಿಲ್ಲ, ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಪಾಚು ಅಳಲೂ ಆಗದೆ ಬಾಯಿ ತೆರೆದು, ಉಸಿರು ಕಟ್ಟಿ, ನೀಲಿಗಟ್ಟಿದಳು. ಅಕ್ಕ ಓಡಿ ಬಂದು ಕಿತ್ತುಕೊಂಡು, ಬೆನ್ನು ತಟ್ಟಿ ತಟ್ಟಿ ಉಸಿರು ಬರಿಸಿದಳು.

ಅದಾದ ಮೇಲೆ ಶುರುವಾಯಿತು ಆ ಪಾಠ. ಅಕ್ಕ ಮಗುವನ್ನು ನನ್ನ ಮುಂದೆ ಕೂರಿಸಿಕೊಂಡು, ಬೆರಳು ಆಡಿಸುತ್ತಾ, "ಅಮ್ಮಂಗೆ ಉವ್ವಾ, ನೋವು. ಅಮ್ಮನ ಹತ್ರ ಎತ್ಕೋ ಅನ್ನಬಾರದು. ದೊಡ್ಡಮ್ಮ ಎತ್ಕೋತಾಳೆ. ಅಮ್ಮಂಗೆ ಉಫ್ ಮಾಡು" ಅನ್ನುತ್ತಿದ್ದಳು. ಇವರೂ ಅದನ್ನೇ ಹೇಳುತ್ತಿದ್ದರು. ಪಕ್ಕದ ಮನೆಯವರೂ ಹೇಳಿಕೊಟ್ಟರು. ಪಾಚು ಜಾಣೆ, ಹೆಜ್ಜೆ ಇಡುವ ಹೊತ್ತಿಗೆ ಕಲಿತೇಬಿಟ್ಟಳು. ನನ್ನ ಕುರ್ಚಿಯ ಹತ್ತಿರ ಬರುವುದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು, ಬಗ್ಗಿ ನನ್ನ ಮಂಡಿಯ ಮೇಲೆ "ಉಫ್" ಅಂತ ಊದುವುದು, ವಾಪಸು ಹೋಗಿ ಅಕ್ಕನ ಮುಂದೆ ಕೈ ಎತ್ತುವುದು. ಮೊದಲ ಸಲ ಅದನ್ನು ನೋಡಿ ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ. ಇವರು ಫೋನಿನಲ್ಲಿ ವಿಡಿಯೋ ಮಾಡಿ ನೆಂಟರಿಷ್ಟರಿಗೆಲ್ಲ ಕಳಿಸಿದರು. ಇಷ್ಟು ಚಿಕ್ಕ ಮಗುವಿಗೆ ತಾಯಿಯ ಮೇಲೆ ಎಷ್ಟು ಕಾಳಜಿ ಅಂತ ಎಲ್ಲರೂ ಕೊಂಡಾಡಿದ್ದೇ ಕೊಂಡಾಡಿದ್ದು.

ಅವಳು ಓಡಲು ಕಲಿತಳು, ಮಾತು ಕಲಿತಳು. ಅಕ್ಕ ಕಂಡರೆ ಕೈ ಎತ್ತುತ್ತಿದ್ದಳು. ಇವರು ಕೆಲಸದಿಂದ ಬಂದರೆ ಕೈ ಎತ್ತುತ್ತಿದ್ದಳು. ಹಾಲು ಕೊಡಲು ಬರುವವನ ಮುಂದೆ, ಲಟಿಕೆ ಡಾಕ್ಟರಮ್ಮನ ಮುಂದೆ ಕೂಡ ಎತ್ತುತ್ತಿದ್ದಳು. ನನ್ನ ಮುಂದೆ ಮಾತ್ರ ಕೈ ಬೆನ್ನ ಹಿಂದೆ ಹೋಗುತ್ತಿತ್ತು.

"ಆ ಉಫ್ ಆಟ ಇನ್ನು ಸಾಕು" ಅಂದೆ ಒಂದು ದಿನ, ಊಟಕ್ಕೆ ಕೂತಾಗ.

"ಪ್ರೀತಿಯಿಂದ ಮಾಡ್ತಾಳೆ, ಅದರಲ್ಲೇನಿದೆ?" ಅಂದರು ಇವರು.

"ಅವಳು ನನ್ನ ಹತ್ರ ಎತ್ಕೋ ಅಂತ ಒಂದು ದಿನಾನೂ ಕೇಳಿಲ್ಲ, ಗೊತ್ತಾ ನಿಮಗೆ?"

"ಕೇಳಿದ್ರೆ ಎತ್ಕೊಳ್ಳೋಕೆ ಆಗತ್ತಾ ನಿಂಗೆ? ಕೇಳಿ, ನೀನು ಆಗಲ್ಲ ಅಂದು, ಅವಳು ಅತ್ತು... ಅದಕ್ಕಿಂತ ಇದೇ ವಾಸಿ ಅಲ್ವಾ?"

ಅಕ್ಕ ತಟ್ಟೆಯಿಂದ ಕೈ ತೆಗೆದಳು. "ನಾನೇನು ನಿನ್ನ ಮಗೂನ ಕಿತ್ಕೊಂಡ್ನೇನೇ?"

ಕಿತ್ತುಕೊಂಡಿರಲಿಲ್ಲ. ಅದೇ ತಾನೆ ಕಷ್ಟ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಒಡಹುಟ್ಟಿದ ಅಕ್ಕನ ಮೇಲೆ, ನನ್ನ ಹೊಲಸು ಬಟ್ಟೆ ಒಗೆದವಳ ಮೇಲೆ. ಪಾಚು ಅವಳ ಸೊಂಟದ ಮೇಲೆ ಕೂತು, ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು, ಒಂದು ಕಾಲು ಆಡಿಸುತ್ತಿದ್ದರೆ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. "ಇಲ್ಲ ಅಕ್ಕ, ಊಟ ಮಾಡು" ಅಂದೆ. ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಚೀಲ ಒಂದೇ ನನಗೆ ಉಳಿದ ದಾರಿ. ಎತ್ತಿದೆ, ಇಳಿಸಿದೆ, ಎತ್ತಿದೆ. ಅಕ್ಕ ಮಗುವನ್ನು ಹೊರಗೆ ಕರೆದುಕೊಂಡು ಹೋದಾಗಲೆಲ್ಲ ಎತ್ತಿದೆ. ಚೀಲದ ಹಳೆ ಅಂಗಿ ಹರಿಯಿತು, ಇನ್ನೊಂದು ತೊಡಿಸಿದೆ. ವಾಕರ್ ಮೂಲೆ ಸೇರಿತು, ಬಸ್ಸು ಹತ್ತಿ ನಾನೇ ಕ್ಲಿನಿಕ್ಕಿಗೆ ಹೋಗಿಬರತೊಡಗಿದೆ. ಪಾಚು ಕೂಡ ಈಗ ಮೊದಲಿನ ಹಾಗೆ ದಪ್ಪಗಾಗುತ್ತಿರಲಿಲ್ಲ, ಓಡಾಡುವ ಮಕ್ಕಳು ತೂಕ ಏರುವುದು ನಿಧಾನವಂತೆ. ಮೊದಲ ಬಾರಿಗೆ ನಾನು ಅವಳನ್ನು ಹಿಡಿಯುತ್ತೇನೆ ಅನ್ನಿಸಿತು.

ಕೊನೆಗೂ ಆ ದಿನ ಬಂತು. ಕ್ಲಿನಿಕ್ಕಿನ ನೆಲದ ಮೇಲೆ, ಇವರು ತಂದಿಟ್ಟು ಕೆಲಸಕ್ಕೆ ಹೋಗಿದ್ದ, ಪಾಚುವಿನಷ್ಟೇ ತೂಕದ ಚೀಲ. ಒಂದು ಕಾಲು ಮುಂದೆ, ಮಂಡಿ ಬಗ್ಗಿಸಿ, ಎದೆಗೊತ್ತಿ, ಉಸಿರು ಬಿಡುತ್ತಾ ಎದ್ದೆ. ನಿಂತೆ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಇಳಿಸಿದೆ. ಇನ್ನೊಮ್ಮೆ ಎತ್ತಿ ಅಂದಳು, ಎತ್ತಿದೆ. ಆಕೆ ನನ್ನನ್ನು ಮೇಜಿನ ಮೇಲೆ ಮಲಗಿಸಿ, ಕೀಲಿನ ಮೇಲೆ ಬೆರಳಿಟ್ಟು ಒತ್ತಿ, ಕಾಲುಗಳನ್ನು ಒಂದೊಂದಾಗಿ ಎತ್ತಿಸಿ ನೋಡಿದಳು.

"ಆಯ್ತು. ಚೀಲ ಇಲ್ಲೇ ಬಿಟ್ಟು ಹೋಗಿ. ಮನೆಗೆ ಹೋಗಿ ಮಗುನ ಎತ್ಕೊಳ್ಳಿ" ಅಂದಳು. ಆಕೆಯ ಕಣ್ಣೂ ಒದ್ದೆಯಾಗಿತ್ತು.

ಕಂಬಿ ಹಿಡಿಯದೆ ಮೆಟ್ಟಿಲು ಇಳಿದೆ. ಚಪ್ಪಲಿ ಅಂಗಡಿಯವನು ನನ್ನನ್ನು ನೋಡಿ, "ಏನಮ್ಮ, ಇವತ್ತು ಬೈಕೊಳ್ದೇ ಇಳಿದ್ರಿ!" ಅಂದ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು, ಬೇಡ ಅಂದೆ. ದಾರಿಯುದ್ದಕ್ಕೂ ತೋಳುಗಳು ತಾವಾಗಿಯೇ ಬಿಗಿಯಾಗುತ್ತಿದ್ದವು.

ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು, ಪಾಚು ಪಕ್ಕದಲ್ಲಿ ಕೂತು ಮಡಚಿದ್ದನ್ನೆಲ್ಲ ಬಿಚ್ಚುತ್ತಿದ್ದಳು. ನನ್ನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. ಮಡಿಲಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ಎದ್ದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಸಂತೋಷದಲ್ಲಿ ಒಂದು ಎಳೆಯಷ್ಟೂ ಕಪಟ ಇರಲಿಲ್ಲ.

"ಪಾಚು, ಹೋಗು! ಅಮ್ಮ ಎತ್ಕೋತಾಳೆ! ಅಮ್ಮನ ಹತ್ರ ಹೋಗು!"

ಪಾಚು ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎದ್ದು ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನನ್ನ ಮಂಡಿಗೆ ಉಫ್ ಅಂತ ಊದಿ ತಿರುಗಿದಳು.

"ಅಮ್ಮಂಗೆ ಉವ್ವಾ ಹೋಯ್ತು ಕಂದ" ಅಂದೆ. "ನೋಡು, ಅಮ್ಮ ಗಟ್ಟಿ ಆದಳು. ಬಾ."

ಅವಳು ತಲೆಯಾಡಿಸಿದಳು. "ಅಮ್ಮಂಗೆ ಉವ್ವಾ" ಅಂದಳು, ತಿಳಿಯದವಳಿಗೆ ತಿಳಿಹೇಳುವಂತೆ.

ಕಾಯಲು ನನ್ನಲ್ಲಿ ತಾಳ್ಮೆ ಉಳಿದಿರಲಿಲ್ಲ. ಒಂದು ಕಾಲು ಮುಂದಿಟ್ಟೆ, ಮಂಡಿ ಬಗ್ಗಿಸಿದೆ, ಅವಳ ಕಂಕುಳಿಗೆ ಕೈ ಹಾಕಿ ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಎದ್ದೆ. ನೋವಾಗಲಿಲ್ಲ. ನನ್ನ ಮಗಳು ನನ್ನ ತೋಳಿನಲ್ಲಿದ್ದಳು, ಅವಳ ಕೂದಲು ನನ್ನ ಗಲ್ಲಕ್ಕೆ ತಾಗುತ್ತಿತ್ತು, ಸೋಪಿನ ವಾಸನೆ ಬರುತ್ತಿತ್ತು. ಕುತ್ತಿಗೆಗೆ ಕೈ ಬರಲೆಂದು ಕಾದೆ. ಸೊಂಟಕ್ಕೆ ಕಾಲು ಸುತ್ತಿಕೊಳ್ಳಲೆಂದು ಕಾದೆ.

ಅವಳು ಅಳಲಿಲ್ಲ. ಕೊಸರಾಡಲೂ ಇಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆಯೇ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಕಾಲುಗಳನ್ನು ನೇರಕ್ಕೆ ಜೋತುಬಿಟ್ಟು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಯಾವಾಗ ಕಿರುಚುತ್ತೇನೋ ಅಂತ ನೋಡುತ್ತಿದ್ದಳು. ತೂಕ ನನ್ನ ಕೈಗೆ ತಕ್ಷಣ ಗೊತ್ತಾಯಿತು, ಅದೊಂದು ವಿದ್ಯೆ ನನ್ನನ್ನು ಬಿಟ್ಟಿರಲಿಲ್ಲ. ಚೀಲದಷ್ಟೇ ಇದ್ದಳು, ಒಂದು ಹಿಡಿ ಮರಳಿನಷ್ಟೂ ಹಗುರವಿರಲಿಲ್ಲ.

ಆಮೇಲೆ ಅವಳು ಮೆಲ್ಲಗೆ ನನ್ನ ಭುಜದ ಮೇಲೆ ಊದಿದಳು.

"ಇಳ್ಸು" ಅಂದಳು.

ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಕಲಿಸಿದ ಹಾಗೆಯೇ ಇಳಿಸಿದೆ. ಪಾದ ನೆಲಕ್ಕೆ ತಾಗಿದ್ದೇ ತಡ ಪಾಚು ಓಡಿಹೋಗಿ ಅಕ್ಕನ ಮುಂದೆ ನಿಂತು ಎರಡೂ ಕೈ ಎತ್ತಿದಳು. ಅಕ್ಕ ಎತ್ತಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಾ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಪಾಚು ಇನ್ನಷ್ಟು ಎತ್ತರಕ್ಕೆ ಕೈ ಚಾಚಿ, ತುದಿಗಾಲ ಮೇಲೆ ನಿಂತು, ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಒಮ್ಮೆಗೇ ಬಿಟ್ಟಳು. ಅಕ್ಕ ಆಗಲೂ ಅಲುಗಲಿಲ್ಲ. ಇನ್ನು ಮೇಲೆ ನೀನೇ ಎತ್ತಿಕೋ ಎಂದು ಅವಳ ಕಣ್ಣು ನನ್ನನ್ನು ಬೇಡುತ್ತಿತ್ತು, ಮಗು ನನ್ನ ಕಡೆ ತಿರುಗಿಯೂ ನೋಡದೆ ಅಳುತ್ತಿತ್ತು.

"ಎತ್ಕೋ ಅಕ್ಕ" ಅಂದೆ.

ಅಕ್ಕ ಬಗ್ಗಿ ಎತ್ತಿಕೊಂಡಳು. ಪಾಚುವಿನ ಕೈ ಅವಳ ಕುತ್ತಿಗೆಯನ್ನು ಬಳಸಿತು, ಕಾಲುಗಳೆರಡೂ ಅವಳ ಸೊಂಟಕ್ಕೆ ಸುತ್ತಿಕೊಂಡವು.